ಕರೆಂಟ್ ಬಿಲ್‌ನ ಒಂದು ಸಾಲು, ಸರ್ಕಾರದ ಕೈಯ ಒಂದು ಸ್ವಿಚ್ಚು: ಗ್ರೀಸ್‌ನ ಇಆರ್‌ಟಿ ಪ್ರಕರಣ

2013ರ ಜೂನ್ 11, ಮಂಗಳವಾರ, ಅಥೆನ್ಸ್‌ನಲ್ಲಿ ಸಂಜೆ. ಗ್ರೀಸ್ ಸರ್ಕಾರದ ವಕ್ತಾರ ಸಿಮೋಸ್ ಕೆಡಿಕೊಗ್ಲು ಕ್ಯಾಮೆರಾ ಮುಂದೆ ಬಂದು ಒಂದು ಹೇಳಿಕೆ ಓದಿದರು. ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯನ್ನು ಮುಚ್ಚುತ್ತಿದ್ದೇವೆ, ಇವತ್ತಿನ ಕಾರ್ಯಕ್ರಮ ಮುಗಿದ ಮೇಲೆ ಪ್ರಸಾರ ಇರುವುದಿಲ್ಲ ಅಂದರು. ಮುಂದಿನ ತಿಂಗಳಿಂದ ಅಂತಲ್ಲ, ಹೊಸ ವರ್ಷದಿಂದ ಅಂತಲ್ಲ, ಇವತ್ತು ರಾತ್ರಿಯೇ. ತಮಾಷೆ ನೋಡಿ, ಇದನ್ನು ಓದಿದ ಮನುಷ್ಯ ಹಿಂದೊಮ್ಮೆ ಅದೇ ಇಆರ್‌ಟಿಯಲ್ಲಿ ಪತ್ರಕರ್ತರಾಗಿದ್ದವರು.

ರಾತ್ರಿ ಹನ್ನೊಂದು ದಾಟಿತು. ಸ್ಟುಡಿಯೋದಲ್ಲಿ ನಿರೂಪಕರು ಇನ್ನೂ ಮಾತಾಡುತ್ತಲೇ ಇದ್ದರು. ಅಷ್ಟರಲ್ಲಿ ಬೆಟ್ಟದ ಮೇಲಿನ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಆರಿದವು, ಕೆಲವು ಕಡೆ ಪೊಲೀಸರನ್ನೂ ಕಳಿಸಿದ್ದರು. ಮನೆಮನೆಯ ಟಿವಿ ಪರದೆ ಕಪ್ಪಾಯಿತು. ಮಾತು ಅರ್ಧಕ್ಕೇ ತುಂಡಾಯಿತು. 2,600ಕ್ಕೂ ಹೆಚ್ಚು ಜನ ಒಂದೇ ಸಂಜೆಯಲ್ಲಿ ಕೆಲಸ ಕಳೆದುಕೊಂಡರು.

ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ದುಡ್ಡಿಲ್ಲದ ದೇಶ ಖರ್ಚು ಕಡಿಮೆ ಮಾಡಿತು ಅನ್ನುವವರು ಒಂದು ಕಡೆ, ಸರ್ವಾಧಿಕಾರಿ ಮನಸ್ಸಿನ ಸರ್ಕಾರ ಮಾಧ್ಯಮದ ಕತ್ತು ಹಿಸುಕಿತು ಅನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಸ್ವಿಚ್ಚು ಮೊದಲಿನಿಂದಲೂ ಸರ್ಕಾರದ ಕೈಯಲ್ಲೇ ಇತ್ತು. ಎಪ್ಪತ್ತೈದು ವರ್ಷ ಅದನ್ನು ಯಾರೂ ಪೂರ್ತಿ ಒತ್ತಿರಲಿಲ್ಲ, ಅಷ್ಟೇ.

ಹುಟ್ಟಿದ್ದೇ ಸರ್ಕಾರದ ಮನೆಯಲ್ಲಿ

ನಮ್ಮ ಮೈಸೂರಿನಲ್ಲಿ 1935ರಲ್ಲಿ ರೇಡಿಯೋ ಶುರು ಮಾಡಿದ್ದು ಒಬ್ಬ ಮೇಷ್ಟ್ರು, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಇಆರ್‌ಟಿಯ ಮೂಲ ಹಾಗಲ್ಲ. ಅಲ್ಲಿ 1938ರಲ್ಲಿ ಅಥೆನ್ಸ್ ರೇಡಿಯೋ ಆರಂಭವಾದಾಗ ದೇಶ ಆಳುತ್ತಿದ್ದವನು ಸರ್ವಾಧಿಕಾರಿ ಮೆಟಾಕ್ಸಾಸ್. ರೇಡಿಯೋ ಅಂದರೆ ಅವನ ಪಾಲಿಗೆ ಪ್ರಚಾರದ ಭೋಂಗಾ.

ಆದರೂ ಅದೇ ರೇಡಿಯೋ ಜನರ ಮನಸ್ಸಿನಲ್ಲಿ ಬೇರೆಯೇ ಜಾಗ ಪಡೆಯಿತು. 1941ರ ಏಪ್ರಿಲ್ 27ರಂದು ಜರ್ಮನ್ ಸೇನೆ ಅಥೆನ್ಸ್ ಒಳಗೆ ಬರುತ್ತಿದ್ದಾಗ ಉದ್ಘೋಷಕ ಕೋಸ್ಟಾಸ್ ಸ್ಟಾವ್ರೊಪೌಲೋಸ್ ಕೇಳುಗರಿಗೆ ಕೊನೆಯ ಮಾತು ಹೇಳಿದರು. ಇನ್ನು ಸ್ವಲ್ಪ ಹೊತ್ತಿಗೆ ಈ ನಿಲಯ ಗ್ರೀಕರದ್ದಾಗಿ ಉಳಿಯುವುದಿಲ್ಲ, ಸುಳ್ಳು ಹೇಳಲು ಶುರು ಮಾಡುತ್ತದೆ, ಆಮೇಲೆ ಇದನ್ನು ಕೇಳಬೇಡಿ ಅನ್ನುವ ಅರ್ಥದ ಮಾತು. 2013ರ ಜೂನ್‌ನಲ್ಲಿ ಪರದೆ ಕಪ್ಪಾದಾಗ ಎಷ್ಟೋ ಜನರಿಗೆ ಇದು ನೆನಪಾಯಿತು. ಹೋಲಿಕೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ, ಆದರೆ ನೆನಪು ಕೇಳಿಕೊಂಡು ಬರುತ್ತದೆಯೇ?

ಟಿವಿ ಬಂದದ್ದು 1966ರಲ್ಲಿ. ಮರುವರ್ಷವೇ ಕರ್ನಲ್‌ಗಳು ಅಧಿಕಾರ ಕಿತ್ತುಕೊಂಡರು, 1974ರವರೆಗೆ ಅವರದ್ದೇ ದರ್ಬಾರು. ಸೇನೆಗೆ ಸ್ವಂತ ಟಿವಿ ಕೇಂದ್ರವೇ ಇತ್ತು. ಪ್ರಜಾಪ್ರಭುತ್ವ ಮರಳಿದ ಮೇಲೆ, 1975ರಲ್ಲಿ, ಇಆರ್‌ಟಿ ಅನ್ನುವ ಹೆಸರು ಬಂತು. ಅದೇ ವರ್ಷದ ಹೊಸ ಸಂವಿಧಾನದ 15ನೇ ವಿಧಿ ರೇಡಿಯೋ ಮತ್ತು ಟಿವಿ ರಾಜ್ಯದ ನೇರ ನಿಯಂತ್ರಣದಲ್ಲಿರುತ್ತವೆ ಎಂದು ಬರೆಯಿತು. ರಾಜ್ಯ ಅಂದರೆ ಇಡೀ ಸಮಾಜ ಅಂತ ಅರ್ಥ ಮಾಡಿಕೊಳ್ಳಬಹುದಿತ್ತು. ಅಧಿಕಾರಕ್ಕೆ ಬಂದವರೆಲ್ಲ ಅದನ್ನು 'ನಾವು' ಅಂತ ಓದಿಕೊಂಡರು.

ಹಾಗಂತ ಒಳ್ಳೆಯದೇನೂ ಆಗಲೇ ಇಲ್ಲ ಅಂತಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಸಂಗೀತ ಸಂಯೋಜಕ ಮಾನೋಸ್ ಹಾಜಿದಾಕಿಸ್ ಅಲ್ಲಿನ ಮೂರನೇ ರೇಡಿಯೋ ವಾಹಿನಿಯ ಹೊಣೆ ಹೊತ್ತು ಅದನ್ನು ಸಂಗೀತ, ಸಾಹಿತ್ಯದ ತಾಣ ಮಾಡಿದರು, ಇವತ್ತಿಗೂ ಗ್ರೀಕರು ಆ ದಿನಗಳ ಮಾತಾಡುತ್ತಾರೆ. ಇಆರ್‌ಟಿಗೆ ಸ್ವಂತ ಸಿಂಫನಿ ವಾದ್ಯವೃಂದ ಇತ್ತು, ಗಾಯನ ತಂಡ ಇತ್ತು. ಥೆಸಲೋನಿಕಿ ನಗರದಿಂದ ಪ್ರತ್ಯೇಕ ಚಾನೆಲ್ ನಡೆಯುತ್ತಿತ್ತು. ಊರೂರಿನ ಪ್ರಾದೇಶಿಕ ರೇಡಿಯೋ ಕೇಂದ್ರಗಳು, ಹೊರದೇಶದ ಗ್ರೀಕರಿಗಾಗಿ ಉಪಗ್ರಹ ಚಾನೆಲ್, ಸಮುದ್ರದಲ್ಲಿರುವ ನಾವಿಕರೂ ಕೇಳುವ ಶಾರ್ಟ್‌ವೇವ್, ಎಲ್ಲಕ್ಕಿಂತ ಹೆಚ್ಚಾಗಿ ದಶಕಗಳ ದನಿ ಮತ್ತು ಚಿತ್ರಗಳ ಸಂಗ್ರಹ. ಇಷ್ಟೆಲ್ಲ ಒಂದೇ ಹೆಸರಿನ ಅಡಿಯಲ್ಲಿ.

ಇನ್ನೊಂದು ಮುಖವೂ ಇತ್ತು. ಸರ್ಕಾರ ಬದಲಾದಾಗಲೆಲ್ಲ ಇಆರ್‌ಟಿ ಮುಖ್ಯಸ್ಥರ ಕುರ್ಚಿಯೂ ಬದಲಾಗುತ್ತಿತ್ತು. ಎಡ ಮಧ್ಯದ ಪಾಸೋಕ್ ಬಂದರೂ ಅದೇ, ಬಲ ಮಧ್ಯದ ನ್ಯೂ ಡೆಮಾಕ್ರಸಿ ಬಂದರೂ ಅದೇ. ಶಿಫಾರಸಿನ ಮೇಲೆ ಬಂದವರು, 'ಸಲಹೆಗಾರ' ಅನ್ನುವ ಹಣೆಪಟ್ಟಿ ಹಚ್ಚಿಕೊಂಡವರು, ಒಬ್ಬರು ಮಾಡುವ ಕೆಲಸಕ್ಕೆ ಮೂವರು. ಇದು ಅಥೆನ್ಸ್‌ನ ಕಾಫಿ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಇಆರ್‌ಟಿ ನೌಕರರೂ ಅಲ್ಲಗಳೆಯಲಿಲ್ಲ. ಅವರ ವಾದ ಇಷ್ಟೇ ಆಗಿತ್ತು: ತುಂಬಿದವರು ಯಾರು ಸ್ವಾಮಿ, ನೀವೇ ಅಲ್ವಾ?

ಮುಚ್ಚುವ ಎಂಟು ತಿಂಗಳ ಹಿಂದೆ, 2012ರ ಅಕ್ಟೋಬರ್ ಕೊನೆಯಲ್ಲಿ, ಬೆಳಗಿನ ಕಾರ್ಯಕ್ರಮದ ಇಬ್ಬರು ನಿರೂಪಕರನ್ನು ತೆರೆಯಿಂದ ಇಳಿಸಿದ್ದರು. ಪ್ರತಿಭಟನಾಕಾರರಿಗೆ ಪೊಲೀಸರು ಹಿಂಸೆ ಕೊಟ್ಟರು ಅನ್ನುವ ಆರೋಪ ಒಂದು ಬ್ರಿಟಿಷ್ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಸಂಬಂಧಪಟ್ಟ ಸಚಿವರು ನಿಭಾಯಿಸಿದ ರೀತಿಯ ಬಗ್ಗೆ ಇವರು ತೆರೆಯ ಮೇಲೆ ಮಾತಾಡಿದ್ದೇ ತಪ್ಪಾಯಿತು. ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಅಂದರೆ ಮುಚ್ಚುವ ಮೊದಲೂ ಇಆರ್‌ಟಿ ಸ್ವತಂತ್ರವಾಗಿರಲಿಲ್ಲ. ಸ್ವತಂತ್ರ ಸಂಸ್ಥೆಯನ್ನು ಕೊಂದರು ಅಂತ ಹೇಳಿದರೆ ಅರ್ಧ ಕಥೆ ಹೇಳಿದಂತೆ.

ಕರೆಂಟ್ ಬಿಲ್‌ನೊಳಗಿನ ಟಿವಿ

ಈಗ ದುಡ್ಡಿನ ವಿಷಯ. ಇಆರ್‌ಟಿ ದೇಶದ ಬಜೆಟ್‌ನಿಂದ ಬದುಕುತ್ತಿರಲಿಲ್ಲ. ಪ್ರತಿ ಕರೆಂಟ್ ಬಿಲ್‌ನಲ್ಲಿ ಅದರ ಹೆಸರಿನಲ್ಲೊಂದು ಸಾಲು ಇರುತ್ತಿತ್ತು, ತಿಂಗಳಿಗೆ 4 ಯೂರೋಗಿಂತ ಸ್ವಲ್ಪ ಜಾಸ್ತಿ. ಮನೆಯಲ್ಲಿ ಟಿವಿ ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಮೀಟರ್ ಇದ್ದರೆ ಕಟ್ಟಬೇಕು. ಸರ್ಕಾರವೇ ಹೇಳಿದ ಪ್ರಕಾರ ವರ್ಷಕ್ಕೆ ಸುಮಾರು 30 ಕೋಟಿ ಯೂರೋ ಹೀಗೆ ಜನರ ಜೇಬಿನಿಂದ ಬರುತ್ತಿತ್ತು.

ವಸೂಲಿ ಮಾಡುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನಮ್ಮ ಕಡೆ ರೇಡಿಯೋ ಲೈಸೆನ್ಸ್ ಇದ್ದ ಕಾಲ ಹಿರಿಯರಿಗೆ ನೆನಪಿರಬಹುದು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ನವೀಕರಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದಲ್ಲಿ ಅದನ್ನು ತೆಗೆದರು, ಆಮೇಲೆ ಆಕಾಶವಾಣಿ, ದೂರದರ್ಶನ ಎರಡೂ ಕೇಂದ್ರದ ಅನುದಾನದ ಮೇಲೆಯೇ ಹೆಚ್ಚಾಗಿ ನಿಂತವು. ಲೈಸೆನ್ಸ್ ಕಿರಿಕಿರಿಯೇ ಸರಿ, ಆದರೆ ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಡುವವನಿಗೆ ಇದು ಯಾವುದಕ್ಕೆ ಅನ್ನುವುದು ಗೊತ್ತಿರುತ್ತಿತ್ತು. ಕರೆಂಟ್ ಬಿಲ್‌ನಲ್ಲಿ ಅದು ಗೊತ್ತಾಗುವುದಿಲ್ಲ. ದುಡ್ಡು ಹೋಗುತ್ತದೆ, ಸಂಬಂಧ ಬೆಳೆಯುವುದಿಲ್ಲ.

ಅದರ ಮೇಲೆ ಇನ್ನೊಂದು. 2011ರಲ್ಲಿ ದೇಶದ ಸಾಲದ ಬಿಕ್ಕಟ್ಟು ಬಿಗಿಯಾದಾಗ ಸರ್ಕಾರ ಆಸ್ತಿ ಮೇಲಿನ ತುರ್ತು ತೆರಿಗೆಯನ್ನೂ ಇದೇ ಕರೆಂಟ್ ಬಿಲ್‌ಗೆ ಸೇರಿಸಿತು. ಕೆಲಸ ಹೋಗಿದೆ, ಪಿಂಚಣಿ ಕತ್ತರಿಸಿದ್ದಾರೆ, ಮನೆಗೆ ಬರುವ ಬಿಲ್ ಬಿಡಿಸಿದರೆ ಸಾಕು ಮೈಯೆಲ್ಲ ಉರಿಯುವ ಹಾಗಾಗಿತ್ತು. ಆ ಬಿಲ್‌ನಲ್ಲಿ ಇಆರ್‌ಟಿಯ ಸಾಲೂ ಕೂತಿತ್ತು. ಮುಚ್ಚುತ್ತೇವೆ ಅಂದಾಗ ಜನ ಖುಷಿಪಡುತ್ತಾರೆ ಅಂತ ಸರ್ಕಾರ ಲೆಕ್ಕ ಹಾಕಿದ್ದು ಪೂರ್ತಿ ಮೂರ್ಖತನ ಆಗಿರಲಿಲ್ಲ.

ಯಾಕೆ ಅಷ್ಟು ಅವಸರ?

ಆಗ ಪ್ರಧಾನಿ ನ್ಯೂ ಡೆಮಾಕ್ರಸಿಯ ಅಂಟೋನಿಸ್ ಸಮಾರಾಸ್. ಅವರದ್ದು ಮೂರು ಪಕ್ಷಗಳ ಮೈತ್ರಿ ಸರ್ಕಾರ, ಜೊತೆಗೆ ಪಾಸೋಕ್ ಮತ್ತು ಸಣ್ಣ ಪಕ್ಷ ಡಿಮಾರ್. ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಐಎಂಎಫ್ ಸೇರಿ ಸಾಲ ಕೊಟ್ಟಿದ್ದವು. ಗ್ರೀಕರು ಈ ಮೂವರನ್ನು 'ಟ್ರೋಯ್ಕಾ' ಅನ್ನುತ್ತಿದ್ದರು, ನಮ್ಮಲ್ಲಿ ಸಾಲ ಕೊಟ್ಟವರ ಹೆಸರು ಹೇಳುವ ದನಿಯಲ್ಲೇ. ಸಾಲದ ಷರತ್ತಿನ ಪ್ರಕಾರ 2014ರ ಕೊನೆಯೊಳಗೆ 15,000 ಸರ್ಕಾರಿ ನೌಕರರನ್ನು ಮನೆಗೆ ಕಳಿಸಬೇಕು, ಅದರಲ್ಲಿ 4,000 ಮಂದಿಯನ್ನು 2013ರಲ್ಲೇ. ಗ್ರೀಸ್‌ನಲ್ಲಿ ಕಾಯಂ ಸರ್ಕಾರಿ ನೌಕರನನ್ನು ತೆಗೆಯುವುದು ಸುಲಭದ ಮಾತಲ್ಲ. ಆದರೆ ಸಂಸ್ಥೆಯನ್ನೇ ರದ್ದು ಮಾಡಿದರೆ? ಒಂದೇ ಏಟಿಗೆ 2,600 ತಲೆ ಲೆಕ್ಕಕ್ಕೆ ಸಿಗುತ್ತವೆ.

ದಿನಾಂಕವನ್ನೂ ಗಮನಿಸಿ. ಜೂನ್ 10ರಂದು, ಅಂದರೆ ಮುಚ್ಚುವ ಹಿಂದಿನ ದಿನ, ಸರ್ಕಾರಿ ಅನಿಲ ಕಂಪನಿ ಡೆಪಾ ಮಾರಾಟ ನೆಲಕಚ್ಚಿತ್ತು. ಕೊಳ್ಳುತ್ತದೆ ಅಂತ ಕಾದಿದ್ದ ರಷ್ಯಾದ ಗಾಜ್‌ಪ್ರೋಮ್ ಬಿಡ್ ಹಾಕಲೇ ಇಲ್ಲ. ಖಾಸಗೀಕರಣದ ಗುರಿ ತಪ್ಪಿತು, ಸಾಲ ಕೊಟ್ಟವರಿಗೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ಮರುದಿನವೇ ಇಆರ್‌ಟಿ. ಒಂದಕ್ಕೊಂದು ನೇರ ಸಂಬಂಧ ಇದೆ ಅಂತ ಸರ್ಕಾರ ಯಾವತ್ತೂ ಒಪ್ಪಲಿಲ್ಲ, ಆದರೆ ಗ್ರೀಸ್‌ನಲ್ಲಿ ಎರಡನ್ನೂ ಜೋಡಿಸಿ ನೋಡದವರು ಕಡಿಮೆ. ಯುರೋಪಿಯನ್ ಕಮಿಷನ್ ಮಾತ್ರ ಜಾಣತನದ ಹೇಳಿಕೆ ಕೊಟ್ಟಿತು: ಇಆರ್‌ಟಿ ಮುಚ್ಚಿ ಅಂತ ನಾವು ಕೇಳಿಲ್ಲ, ಆದರೆ ಗ್ರೀಕ್ ಸರ್ಕಾರದ ಅಧಿಕಾರವನ್ನು ಪ್ರಶ್ನಿಸುವುದೂ ಇಲ್ಲ.

ಸರ್ಕಾರ ಹೇಳಿದ ಕಾರಣಗಳು ದುಂದುವೆಚ್ಚ, ಪಾರದರ್ಶಕತೆ ಇಲ್ಲದಿರುವುದು, ಖಾಸಗಿ ಚಾನೆಲ್‌ಗಳಿಗಿಂತ ಹಲವು ಪಟ್ಟು ಹೆಚ್ಚು ಸಿಬ್ಬಂದಿ ಇದ್ದೂ ನೋಡುವವರು ಕಡಿಮೆ ಅನ್ನುವುದು. ಇದನ್ನೆಲ್ಲ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 2011ರಲ್ಲಿ ಪಾಸೋಕ್ ಸರ್ಕಾರದ ಸಚಿವ ಇಲಿಯಾಸ್ ಮೊಸಿಯಾಲೋಸ್ ಸಂಸ್ಥೆಯನ್ನು ಸಣ್ಣದು ಮಾಡುವ ಯೋಜನೆ ಮುಂದಿಟ್ಟಿದ್ದರು, ಅದು ಮುಂದೆ ಸಾಗಲೇ ಇಲ್ಲ. ಹಾಗಾಗಿ ನಿಧಾನದ ದಾರಿ ಕೆಲಸ ಮಾಡುವುದಿಲ್ಲ, ಕಡಿದೇ ಹಾಕಬೇಕು ಅನ್ನುವ ವಾದಕ್ಕೆ ಒಂದಷ್ಟು ಆಧಾರ ಇತ್ತು. ಮುಂದೆ ಬಿಬಿಸಿ ತರಹದ ಪುಟ್ಟ, ಚುರುಕಾದ ಹೊಸ ಸಂಸ್ಥೆ ಬರುತ್ತದೆ ಅಂತಲೂ ಭರವಸೆ ಕೊಟ್ಟರು.

ಆದರೆ ಬಳಸಿದ ದಾರಿ ನೋಡಿ. ಸಂಸತ್ತಿನಲ್ಲಿ ಚರ್ಚೆ ಇಲ್ಲ, ಮಸೂದೆ ಇಲ್ಲ. ಸುಗ್ರೀವಾಜ್ಞೆ. ಗ್ರೀಕ್ ಸಂವಿಧಾನದ 44ನೇ ವಿಧಿ ಮೊದಲೇ ಊಹಿಸಲಾಗದ, ತೀರಾ ತುರ್ತಾದ ಸಂದರ್ಭಕ್ಕೆ ಮಾತ್ರ ಇದನ್ನು ಕೊಟ್ಟಿದೆ, ನಲವತ್ತು ದಿನದೊಳಗೆ ಸಂಸತ್ತಿನ ಮುಂದಿಡಬೇಕು ಅನ್ನುವ ಕಟ್ಟಳೆಯೂ ಇದೆ. ದಶಕಗಳಿಂದ ಎಲ್ಲರಿಗೂ ಗೊತ್ತಿದ್ದ ದುಂದುವೆಚ್ಚ ಒಂದು ಮಂಗಳವಾರ ಸಂಜೆ ಹೇಗೆ 'ಮೊದಲೇ ಊಹಿಸಲಾಗದ' ವಿಷಯವಾಯಿತೋ ದೇವರಿಗೇ ಗೊತ್ತು. ಮೈತ್ರಿಯ ಇನ್ನೆರಡು ಪಕ್ಷಗಳೂ ಇದಕ್ಕೆ ಒಪ್ಪಿರಲಿಲ್ಲ. ಸುಗ್ರೀವಾಜ್ಞೆ ಹೇಳಿದ್ದಾದರೂ ಏನು? ಸಂಬಂಧಪಟ್ಟ ಸಚಿವರು ಜಂಟಿಯಾಗಿ ಸಹಿ ಹಾಕಿದರೆ ಸರ್ಕಾರಿ ಒಡೆತನದ ಸಂಸ್ಥೆಯನ್ನು ರದ್ದು ಮಾಡಬಹುದು. ಮಾಲೀಕ ತನ್ನ ಅಂಗಡಿಗೆ ಬಾಗಿಲು ಹಾಕಿದ ಹಾಗೆ. ಕಾನೂನಿನ ಕಣ್ಣಿಗೆ ಇಆರ್‌ಟಿ ಅಷ್ಟೇ ಆಗಿತ್ತು, ಒಂದು ಸರ್ಕಾರಿ ಕಂಪನಿ.

ಬಾಗಿಲು ಹಾಕಿದ ಮೇಲೆ ಒಳಗೇ ಉಳಿದವರು

ಜನ ಖುಷಿಪಡುತ್ತಾರೆ ಅನ್ನುವ ಲೆಕ್ಕ ಆ ರಾತ್ರಿಯೇ ತಪ್ಪಿತು. ಅಥೆನ್ಸ್ ಹೊರವಲಯದ ಅಯಿಯಾ ಪರಸ್ಕೆವಿಯಲ್ಲಿರುವ ಇಆರ್‌ಟಿ ಕಟ್ಟಡದ ಅಂಗಳಕ್ಕೆ ಸಾವಿರಾರು ಜನ ಬಂದರು. ನಿನ್ನೆಯವರೆಗೆ ಅದನ್ನು ಬೈಯುತ್ತಿದ್ದವರೂ ಅದರಲ್ಲಿದ್ದರು. ನೌಕರರು ಹೊರಗೆ ಹೋಗಲಿಲ್ಲ. ಟ್ರಾನ್ಸ್‌ಮಿಟರ್ ಇಲ್ಲ ಅಂದರೇನಂತೆ, ಇಂಟರ್ನೆಟ್ ಇದೆಯಲ್ಲ, ಪ್ರಸಾರ ಮುಂದುವರಿಸಿದರು. ಸಂಬಳ ಇಲ್ಲ, ಮೇಲಧಿಕಾರಿ ಇಲ್ಲ. ಈ ತಮಾಷೆಯನ್ನು ಅಲ್ಲಿನವರೇ ಹೇಳಿಕೊಳ್ಳುತ್ತಾರೆ: ಇಆರ್‌ಟಿ ನಿಜವಾಗಿ ಸ್ವತಂತ್ರ ಆಗಿದ್ದು ಮುಚ್ಚಿದ ಮೇಲೆಯೇ. ವಾದ್ಯವೃಂದದವರು ಕಣ್ಣೀರು ಒರೆಸಿಕೊಳ್ಳುತ್ತಾ ನುಡಿಸಿದ ದೃಶ್ಯ ಜಗತ್ತಿನ ಎಷ್ಟೋ ಕಡೆ ಹರಿದಾಡಿತು.

ಇಲ್ಲಿ ಒಂದು ಮಹತ್ವದ ಕೆಲಸ ಮಾಡಿದ್ದು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್, ಚಿಕ್ಕದಾಗಿ ಇಬಿಯು. ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ ಇದು, ಯೂರೋವಿಷನ್ ಹಾಡಿನ ಸ್ಪರ್ಧೆ ನಡೆಸುವವರು ಅಂದರೆ ಕೆಲವರಿಗೆ ಬೇಗ ಗೊತ್ತಾಗಬಹುದು. ನೌಕರರು ಕಳಿಸುತ್ತಿದ್ದ ಪ್ರಸಾರವನ್ನು ಇಬಿಯು ಉಪಗ್ರಹದ ಮೂಲಕ, ತನ್ನ ತಾಣದ ಮೂಲಕ ಹರಿಯಬಿಟ್ಟಿತು. ಅದರ ಅಧ್ಯಕ್ಷ ಜಾನ್ ಪಾಲ್ ಫಿಲಿಪೋ ಸ್ವತಃ ಅಥೆನ್ಸ್‌ಗೆ ಬಂದು, ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಮುಖ್ಯಸ್ಥರು ಸಹಿ ಮಾಡಿದ್ದ ಮನವಿಯನ್ನು ಮುಂದಿಟ್ಟರು. ಒಂದು ದೇಶದ ಸರ್ಕಾರ ಆರಿಸಿದ ದೀಪವನ್ನು ಹೊರಗಿನ ಒಕ್ಕೂಟವೊಂದು ಉರಿಸಿಟ್ಟದ್ದು ಹೀಗೆ.

ಟರ್ಕಿಯ ಕರಾವಳಿಗೆ ಅಂಟಿಕೊಂಡಂತಿರುವ ಸಣ್ಣ ದ್ವೀಪಗಳ ವಿಷಯ ಬೇರೆಯೇ. ಖಾಸಗಿ ಚಾನೆಲ್‌ಗಳಿಗೆ ಅಲ್ಲಿ ಟ್ರಾನ್ಸ್‌ಮಿಟರ್ ಹಾಕಿದರೆ ಲಾಭ ಇಲ್ಲ, ಇಆರ್‌ಟಿ ಮಾತ್ರ ಮುಟ್ಟುತ್ತಿತ್ತು. ಅದು ನಿಂತ ಮೇಲೆ ಅಂಥ ಕಡೆ ಗ್ರೀಕ್ ಚಾನೆಲ್‌ಗಿಂತ ಟರ್ಕಿಯ ಚಾನೆಲ್ ಸಲೀಸಾಗಿ ಸಿಗುವ ಸ್ಥಿತಿ ಬಂತು. ನಮ್ಮ ಮಲೆನಾಡಿನ ಮೂಲೆಯ ಊರುಗಳಲ್ಲಿ ಮೊದಲು ಮುಟ್ಟಿದ್ದು ಆಕಾಶವಾಣಿಯೇ, ಎಷ್ಟೋ ಕಾಲ ಅದೊಂದೇ. ಲಾಭ ಇಲ್ಲದ ಕಡೆಗೂ ಹೋಗಬೇಕಾದ ಸಂಸ್ಥೆಯನ್ನು ಬರೀ 'ಒಬ್ಬ ನೋಡುಗನಿಗೆ ಎಷ್ಟು ಖರ್ಚು' ಅನ್ನುವ ತಕ್ಕಡಿಯಲ್ಲಿ ತೂಗಿದರೆ ತೂಕ ತಪ್ಪಾಗುತ್ತದೆ.

ಇನ್ನು ಕೋರ್ಟು. ಗ್ರೀಸ್‌ನ ಉನ್ನತ ಆಡಳಿತ ನ್ಯಾಯಾಲಯ ಜೂನ್ 17ರಂದು ಮಧ್ಯಂತರ ಆದೇಶ ಕೊಟ್ಟಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಕುತೂಹಲದ್ದು ಇದೇ. ಇಆರ್‌ಟಿ ಅನ್ನುವ ಕಂಪನಿಯನ್ನು ರದ್ದು ಮಾಡಿದ್ದಕ್ಕೆ ನ್ಯಾಯಾಲಯ ತಡೆ ಕೊಡಲಿಲ್ಲ. ಆದರೆ ಹೊಸ ಸಂಸ್ಥೆ ಬರುವವರೆಗೆ ಪರದೆ ಕಪ್ಪಾಗಿರಬಾರದು, ಪ್ರಸಾರ ಮುಂದುವರಿಯಬೇಕು ಅಂದಿತು. ಅಂದರೆ ಕಂಪನಿ ಬೇರೆ, ಸೇವೆ ಬೇರೆ. ಮೊದಲನೆಯದು ಸರ್ಕಾರದ್ದು. ಎರಡನೆಯದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಎರಡೂ ಕಡೆಯವರು ಗೆದ್ದೆವು ಅಂದರು. ನೌಕರರು ಬೀದಿಯಲ್ಲಿ ಕುಣಿದರು, ಸರ್ಕಾರ ಮಾತ್ರ ಹಳೆಯವರನ್ನು ವಾಪಸ್ ಕರೆಯದೆ ತಾತ್ಕಾಲಿಕ ಚಾನೆಲ್ ಒಂದನ್ನು ಕಟ್ಟಲು ಹೊರಟಿತು. ಮರುವರ್ಷ ಅದೇ ನ್ಯಾಯಾಲಯ ಮುಚ್ಚಿದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಅಂತಿಮವಾಗಿ ಹೇಳಿತು.

ರಾಜಕೀಯ ಬೆಲೆ ತಕ್ಷಣವೇ ತೆರಬೇಕಾಯಿತು. ಜೂನ್ 21ರಂದು ಡಿಮಾರ್ ಮೈತ್ರಿಯಿಂದ ಹೊರನಡೆಯಿತು. 300 ಸ್ಥಾನಗಳ ಸಂಸತ್ತಿನಲ್ಲಿ ಸಮಾರಾಸ್ ಬಳಿ ಉಳಿದದ್ದು 153, ಬಹುಮತಕ್ಕಿಂತ ಎರಡೇ ಜಾಸ್ತಿ. ಸಂಪುಟ ಪುನರ್ರಚನೆಯಲ್ಲಿ ಪಾಸೋಕ್‌ನ ವೆನಿಜೆಲೋಸ್ ಉಪಪ್ರಧಾನಿ ಆದರು. ನೌಕರರನ್ನು ಕಡಿಮೆ ಮಾಡುವ ಆಡಳಿತ ಸುಧಾರಣಾ ಖಾತೆ ಕಿರಿಯಾಕೋಸ್ ಮಿತ್ಸೊಟಾಕಿಸ್ ಅನ್ನುವವರಿಗೆ ಹೋಯಿತು. ಈ ಹೆಸರು ಮತ್ತೆ ಬರುತ್ತದೆ.

ಹಳೆ ಸಿನಿಮಾ, ಬೆಳಗಿನ ಜಾವದ ಪೊಲೀಸರು, ಹೊಸ ಬೋರ್ಡು

ಜುಲೈ 10ರಂದು ಸರ್ಕಾರದ ತಾತ್ಕಾಲಿಕ ಚಾನೆಲ್ ತೆರೆಗೆ ಬಂತು. ಸುದ್ದಿ ಇಲ್ಲ, ಸ್ಟುಡಿಯೋ ಇಲ್ಲ, ಹಳೆಯ ಗ್ರೀಕ್ ಸಿನಿಮಾಗಳು. ಕೋರ್ಟಿನ ಆದೇಶ ಪಾಲಿಸಿದ್ದೇವೆ ಅಂತ ತೋರಿಸಲು ಹಾಕಿದ ತೇಪೆ. ಆಗಸ್ಟ್‌ನಲ್ಲಿ ಅದರಲ್ಲಿ ಸುದ್ದಿ ಶುರುವಾದ ಮೇಲೆ ಇಬಿಯು ನೌಕರರ ಪ್ರಸಾರವನ್ನು ಹರಿಸುವುದು ನಿಲ್ಲಿಸಿತು. ಹಟ ಬಿಡದವರು ಆದರೂ ಕಟ್ಟಡದಲ್ಲೇ ಇದ್ದರು. ನವೆಂಬರ್ 7ರ ಬೆಳಗಿನ ಜಾವ, ಊರು ಇನ್ನೂ ಮಲಗಿದ್ದಾಗ, ಗಲಭೆ ನಿಯಂತ್ರಣ ಪೊಲೀಸರು ಒಳನುಗ್ಗಿ ಎಲ್ಲರನ್ನೂ ಹೊರಗೆ ಹಾಕಿದರು. ಐದು ತಿಂಗಳು ಆಗಿತ್ತು. ಎಡಪಂಥದ ವಿರೋಧ ಪಕ್ಷ ಸಿರಿಜಾ ಅವಿಶ್ವಾಸ ಗೊತ್ತುವಳಿ ತಂದು ಸೋತಿತು. ಥೆಸಲೋನಿಕಿಯ ಕೇಂದ್ರದಲ್ಲಿ ಮಾತ್ರ ನೌಕರರು ತಮ್ಮ ಪ್ರಸಾರವನ್ನು ಮುಂದುವರಿಸಿದರು.

2014ರ ಮೇ 4ರಂದು ಹೊಸ ಸಂಸ್ಥೆ 'ನೆರಿಟ್' ಬಂತು. ಬಿಲ್‌ನ ಸಾಲು ತಿಂಗಳಿಗೆ 3 ಯೂರೋ ಆಯಿತು. ಕಾಗದದ ಮೇಲೆ ನಿಜಕ್ಕೂ ಚೆನ್ನಾಗಿತ್ತು, ಸರ್ಕಾರದಿಂದ ದೂರ ನಿಂತ ಮೇಲ್ವಿಚಾರಣಾ ಮಂಡಳಿ, ಅದು ಆರಿಸುವ ಆಡಳಿತ. ಹಳೆ ಇಆರ್‌ಟಿಗೆ ಇಲ್ಲದ ಕವಚ. ಮುಚ್ಚಿದ್ದಕ್ಕೆ ಇದೊಂದೇ ಸಮರ್ಥನೆ ಆಗಬಹುದಿತ್ತು, ಹಳೆಯದು ಕೆಟ್ಟಿತ್ತು, ಇಗೋ ಒಳ್ಳೆಯದು ಕಟ್ಟಿದೆವು ಅಂತ.

ಆ ಕವಚ ಬಾಳಿದ್ದು ನಾಲ್ಕು ತಿಂಗಳು. ಬೇಸಿಗೆಯಲ್ಲಿ ಮಂಡಳಿಯ ಆಯ್ಕೆಯ ನಿಯಮವನ್ನು ಸರ್ಕಾರ ತಿದ್ದಿತು, ಇಬಿಯು ಆಕ್ಷೇಪಿಸಿತು. ಸೆಪ್ಟೆಂಬರ್‌ನಲ್ಲಿ ಥೆಸಲೋನಿಕಿಯ ವಾರ್ಷಿಕ ವಾಣಿಜ್ಯ ಮೇಳ ಬಂತು. ಅಲ್ಲಿ ರಾಜಕೀಯ ನಾಯಕರು ಬಂದು ತಮ್ಮ ಕಾರ್ಯಕ್ರಮ ಹೇಳುವುದು ವಾಡಿಕೆ. ವಿರೋಧ ಪಕ್ಷದ ನಾಯಕ ಅಲೆಕ್ಸಿಸ್ ಸಿಪ್ರಾಸ್ ಅವರದ್ದನ್ನು ನೇರ ಪ್ರಸಾರ ಮಾಡುವ ವಿಷಯದಲ್ಲಿ ಗಲಾಟೆ ಎದ್ದಿತು. ನೆರಿಟ್‌ನ ಅಧ್ಯಕ್ಷ ಅಂಟೋನಿಸ್ ಮಕ್ರಿಡಿಮಿಟ್ರಿಸ್ ಮತ್ತು ಅವರ ಉಪಾಧ್ಯಕ್ಷ ಇಬ್ಬರೂ ಸರ್ಕಾರದ ಹಸ್ತಕ್ಷೇಪ ಅಂತ ರಾಜೀನಾಮೆ ಕೊಟ್ಟರು. ಕಟ್ಟಿದವರೇ ಕವಚಕ್ಕೆ ತೂತು ಕೊರೆದರು. ಬೋರ್ಡು ಬದಲಾಗಿತ್ತು, ಸ್ವಿಚ್ಚು ಇದ್ದಲ್ಲೇ ಇತ್ತು.

ಈ ಮಧ್ಯೆ ಖಾಸಗಿ ಚಾನೆಲ್‌ಗಳ ಕಥೆಯನ್ನೂ ಒಂದು ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಚಿತ್ರ ಅಪೂರ್ಣ. 1989ರಲ್ಲಿ ಶುರುವಾದ ಅವು ಎರಡೂವರೆ ದಶಕ ತಾತ್ಕಾಲಿಕ ಪರವಾನಗಿಯ ಮೇಲೆಯೇ ನಡೆದವು. ಮಾಲೀಕರಲ್ಲಿ ಹಡಗು, ತೈಲ, ಕಟ್ಟಡ ಗುತ್ತಿಗೆಯವರು. ಪರವಾನಗಿ ಸರ್ಕಾರದ ಮರ್ಜಿ, ಗುತ್ತಿಗೆಯೂ ಸರ್ಕಾರದ್ದು. ಸಾರ್ವಜನಿಕ ಟಿವಿ ಹೋದರೆ ಮಾರುಕಟ್ಟೆ ನೋಡಿಕೊಳ್ಳುತ್ತದೆ ಅನ್ನುವ ಮಾತಿಗೆ ಗ್ರೀಸ್‌ನಲ್ಲಿ ಇದ್ದ ಅರ್ಥ ಇದು.

ಅದೇ ಜೂನ್ 11

2015ರ ಜನವರಿ 25ರ ಚುನಾವಣೆಯಲ್ಲಿ ಸಿರಿಜಾ ಗೆದ್ದಿತು. ಇಆರ್‌ಟಿ ವಾಪಸ್ ತರುತ್ತೇವೆ ಅನ್ನುವುದು ಅವರ ಭರವಸೆಗಳಲ್ಲೊಂದು. ಏಪ್ರಿಲ್ ಕೊನೆಯಲ್ಲಿ ಕಾನೂನು ಪಾಸಾಯಿತು. ಮತ್ತೆ ಪ್ರಸಾರಕ್ಕೆ ಆರಿಸಿದ ದಿನ ಜೂನ್ 11, ಮುಚ್ಚಿ ಸರಿಯಾಗಿ ಎರಡು ವರ್ಷ. ಬೆಳಗ್ಗೆ ನಿರೂಪಕರು ಕಣ್ಣೊರೆಸಿಕೊಳ್ಳುತ್ತಾ ತೆರೆಗೆ ಬಂದರು. ಅಧ್ಯಕ್ಷರಾಗಿ ಬಂದದ್ದು ಹಾಡುಗಾರ ಡಿಯೊನಿಸಿಸ್ ಸಕ್ನಿಸ್. ಹಳೆಯ ನೌಕರರಿಗೆ ವಾಪಸ್ ಬರುವ ಅವಕಾಶ ಸಿಕ್ಕಿತು.

ಸಿಹಿ ಕೊನೆ ಅಂತ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಸ ಸರ್ಕಾರವೂ ಮುಖ್ಯಸ್ಥರನ್ನು ಹಳೆಯ ರೀತಿಯಲ್ಲೇ, ಮೇಲಿನಿಂದ ಕೂರಿಸಿತು. 2016ರಲ್ಲಿ ಖಾಸಗಿ ಚಾನೆಲ್‌ಗಳಿಗೆ ನಾಲ್ಕೇ ಪರವಾನಗಿ ಅಂತ ಹರಾಜು ನಡೆಸಿ 24.6 ಕೋಟಿ ಯೂರೋ ಬಿಡ್ ಎತ್ತಿತು. ಸ್ವತಂತ್ರ ಪ್ರಾಧಿಕಾರ ಮಾಡಬೇಕಾದ ಕೆಲಸವನ್ನು ಸಚಿವರೇ ಮಾಡಿದ್ದು ಸಂವಿಧಾನಬಾಹಿರ ಅಂತ ಅದೇ ಆಡಳಿತ ನ್ಯಾಯಾಲಯ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ಎಡ ಬಂದರೇನು ಬಲ ಬಂದರೇನು, ಕೈ ಮಾತ್ರ ಅದೇ ಕಡೆ ಹೋಗುತ್ತದೆ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಬ್ರಿಟನ್ನಿನಲ್ಲಿ ಬಿಬಿಸಿಗೆ ರಾಯಲ್ ಚಾರ್ಟರ್, ಅಂದರೆ ರಾಜಮನೆತನದ ಹೆಸರಿನಲ್ಲಿ ಕೊಟ್ಟ ಸನ್ನದು ಇದೆ, ಈಗಿನದು 2027ರ ಕೊನೆಯವರೆಗೆ. ಸರ್ಕಾರ ಜಗಳ ಆಡಬಹುದು, ಶುಲ್ಕ ಹಿಂಡಬಹುದು, ಆದರೆ ಒಂದು ಸಂಜೆಯಲ್ಲಿ ಮುಚ್ಚಲು ಆಗುವುದಿಲ್ಲ. ಜರ್ಮನಿಯಲ್ಲಿ 1961ರಲ್ಲೇ ಸಾಂವಿಧಾನಿಕ ನ್ಯಾಯಾಲಯ ಚಾನ್ಸಲರ್ ಅಡೆನಾವರ್ ಸರ್ಕಾರದ ಟಿವಿ ಯೋಜನೆಗೆ ತಡೆ ಹಾಕಿತು, ಶುಲ್ಕ ಎಷ್ಟಿರಬೇಕು ಅಂತ ಲೆಕ್ಕ ಹಾಕಲು ಅಲ್ಲಿ ಪ್ರತ್ಯೇಕ ತಜ್ಞರ ಆಯೋಗ ಇದೆ. ನಮ್ಮಲ್ಲಿ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಪಾಸಾಗಿ, ಜಾರಿಗೆ ಬರಲು 1997 ಬೇಕಾಯಿತು, ಸಂಬಳ ಈಗಲೂ ಕೇಂದ್ರದ ಅನುದಾನದಿಂದ. ನಮ್ಮ ಸ್ವಿಚ್ಚಿನ ವಿಷಯ ಬೇರೆ ಬರೆಯುವಷ್ಟಿದೆ, ಇಲ್ಲಿ ತೂರಿಸುವುದಿಲ್ಲ.

ನನ್ನ ಪ್ರಕಾರ ಸಮಾರಾಸ್ ಸರ್ಕಾರದ ರೋಗ ಪತ್ತೆ ಮುಕ್ಕಾಲು ಸರಿ, ಚಿಕಿತ್ಸೆ ಪೂರ್ತಿ ತಪ್ಪು. ಶಿಫಾರಸಿನ ನೇಮಕಾತಿಯೇ ರೋಗ ಆಗಿದ್ದರೆ ಮೊದಲು ನಿಲ್ಲಿಸಬೇಕಾದದ್ದು ಶಿಫಾರಸು, ಅದು ತಮ್ಮ ಕೈಯಲ್ಲೇ ಇತ್ತು. ಎರಡು ಚಾನೆಲ್ ಒಂದು ಮಾಡಿ, ಸಿಬ್ಬಂದಿ ಇಳಿಸಿ, ಪ್ರಸಾರ ನಿಲ್ಲಿಸದೆ ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ ಅದು. ನೌಕರರ ಸಂಘಗಳು ಅಡ್ಡ ಬರುತ್ತಿದ್ದವು, ನಿಜ. ಆದರೆ ಪರದೆ ಕಪ್ಪು ಮಾಡಿದ್ದರಿಂದ ಆದದ್ದೇನು ಅಂದರೆ, ದುಂದುವೆಚ್ಚದ ಲೆಕ್ಕ ಕೇಳಬೇಕಾದ ಜನ ಎಲ್ಲ ಬಿಟ್ಟು ಸಂಸ್ಥೆಯ ಪರ ನಿಂತರು, ಹಳೆಯ ತಪ್ಪುಗಳು ಕಪ್ಪು ಪರದೆಯ ಹಿಂದೆ ಮುಚ್ಚಿಹೋದವು. 2015ರಲ್ಲಿ ತೆರೆದಾಗ ಅವುಗಳ ಮಾತೆತ್ತುವ ಮನಸ್ಸು ಯಾರಿಗೂ ಇರಲಿಲ್ಲ.

2019ರ ಜುಲೈನಲ್ಲಿ ನ್ಯೂ ಡೆಮಾಕ್ರಸಿ ಮತ್ತೆ ಗೆದ್ದಿತು. ಪ್ರಧಾನಿ ಆದವರು ಅದೇ ಕಿರಿಯಾಕೋಸ್ ಮಿತ್ಸೊಟಾಕಿಸ್. ಈ ಸಲ ಯಾರೂ ಟ್ರಾನ್ಸ್‌ಮಿಟರ್ ಹತ್ತಿರ ಪೊಲೀಸರನ್ನು ಕಳಿಸಲಿಲ್ಲ. ಅಧಿಕಾರಕ್ಕೆ ಬಂದ ಮೊದಲ ದಿನಗಳಲ್ಲೇ ಒಂದು ಆದೇಶ ಹೊರಬಿತ್ತು, ಇಆರ್‌ಟಿ ಮತ್ತು ಸರ್ಕಾರಿ ಸುದ್ದಿಸಂಸ್ಥೆ ಇನ್ನು ಮುಂದೆ ನೇರವಾಗಿ ಪ್ರಧಾನಿ ಕಚೇರಿಯ ಕೆಳಗೆ. ಕರೆಂಟ್ ಬಿಲ್‌ನಲ್ಲಿ ತಿಂಗಳಿಗೆ 3 ಯೂರೋದ ಆ ಸಾಲು ಹಾಗೆಯೇ ಉಳಿಯಿತು.